ಉಸಿರಾಟದ ಪ್ರಯೋಗಕ್ಕೆ ಬೇಕರಿ ಯೀಸ್ಟ್: ಯಾವ ಪೊಟ್ಟಣ, ಎಷ್ಟರ ಮಟ್ಟಿಗೆ?

ದಾವಣಗೆರೆಯಲ್ಲಿ ಬೇಕರಿ ಸಾಮಾನು ಮಾರುವ ಕಡೆ ಇನ್‌ಸ್ಟಂಟ್ ಒಣ ಯೀಸ್ಟ್ ಕೊಳ್ಳುವಾಗ, ಹತ್ತನೇ ತರಗತಿಯ ಪ್ರಯೋಗಕ್ಕಾದರೆ ಸೀಲ್ ಮಾಡಿದ ಸಣ್ಣ ಪೊಟ್ಟಣವನ್ನೇ ಕೇಳಿ. ಕವರಿಗೆ ತುಂಬಿಟ್ಟ ಬಿಡಿ ಯೀಸ್ಟು ತೇವ ಕುಡಿದು ಸತ್ವ ಕಳೆದುಕೊಂಡಿರುತ್ತದೆ. ಅರ್ಧ ಕೆ.ಜಿ. ಪ್ಯಾಕು ಒಡೆದರೆ, ಫ್ರಿಜ್ ಇಲ್ಲದ ಶಾಲೆಯಲ್ಲಿ ಏಪ್ರಿಲ್ ಬಿಸಿಲಿಗೆ ಉಳಿಯುವುದಿಲ್ಲ.

ಅವಾಯುವಿಕ (ಆಮ್ಲಜನಕವಿಲ್ಲದ) ಉಸಿರಾಟ ತೋರಿಸಲು ಇದು ಬಹಳ ಒಳ್ಳೆಯ ವಸ್ತು. 100 ಮಿ.ಲೀ. ನೀರಿಗೆ 10 ಗ್ರಾಂ ಸಕ್ಕರೆ ಹಾಕಿ ಕುದಿಸಿ. ಕರಗಿದ ಆಮ್ಲಜನಕವೂ ನಲ್ಲಿ ನೀರಿನ ಕ್ಲೋರಿನ್ನೂ ಹೋಗುತ್ತವೆ. ಮುಚ್ಚಿಟ್ಟು 35–38 ಡಿಗ್ರಿಗೆ ಆರಿದ ಮೇಲೆ 2 ಗ್ರಾಂ ಯೀಸ್ಟ್ ಕಲಸಿ, ಗಾಳಿ ತಾಗದಂತೆ ಮೇಲೆ ಅರ್ಧ ಸೆಂ.ಮೀ. ಅಡುಗೆ ಎಣ್ಣೆ ನಿಲ್ಲಿಸಿ. ಆತುರಕ್ಕೆ ಬಿಸಿ ನೀರಿಗೇ ಸುರಿದರೆ 60 ಡಿಗ್ರಿಯಲ್ಲಿ ಯೀಸ್ಟ್ ಸಾಯುತ್ತದೆ, ಆಮೇಲೆ ಬೈಗುಳ ಪೊಟ್ಟಣಕ್ಕೆ. ಬಿರಡೆಯ ನಳಿಕೆಯನ್ನು ಸುಣ್ಣದ ತಿಳಿನೀರಿಗೆ ಇಳಿಬಿಡಿ. ಎಲೆಯಡಿಕೆಯ ಬಿಳಿ ಸುಣ್ಣ ಒಂದು ಚಮಚ, ನೀರು ಒಂದು ಲೀಟರ್, ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಬಸಿದರೆ ಆಯಿತು. ನೀರು ಹಾಲಿನಂತಾದ ಕೂಡಲೇ ಮಕ್ಕಳಿಗೆ ತೋರಿಸಿ. ಯೀಸ್ಟಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊತ್ತು ಹರಿದರೆ ಆ ಬಿಳುಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿ ಕರಗಿ ನೀರು ಮತ್ತೆ ತಿಳಿಯಾಗುತ್ತದೆ.

ಆದರೆ ಎಣ್ಣೆಯಿಲ್ಲದ ಇನ್ನೊಂದು ಯೀಸ್ಟ್ ಬಾಟಲಿ ಇಟ್ಟು 'ಇದು ವಾಯುವಿಕ' ಎನ್ನಬೇಡಿ. ಸಕ್ಕರೆ ಇಷ್ಟು ದಂಡಿಯಾಗಿದ್ದರೆ, ಆಮ್ಲಜನಕ ಇದ್ದರೂ ಈ ಯೀಸ್ಟ್ ಮದ್ಯಸಾರವನ್ನೇ ಮಾಡುತ್ತದೆ. ವಾಯುವಿಕ ಉಸಿರಾಟ ತೋರಿಸಲು ಮೊಳಕೆ ಹೆಸರುಕಾಳೇ ಬೇಕು. ಅರ್ಧ ಲೀಟರ್ ಬಾಟಲಿಗೆ 50 ಗ್ರಾಂ ಹಾಕಿ, ಬಿಗಿಯಾಗಿ ಮುಚ್ಚಿ, ಮರುದಿನ ಉರಿಯುವ ಕಡ್ಡಿ ಇಳಿಸಿದರೆ ಆರಿಹೋಗುತ್ತದೆ. ಸುಣ್ಣದ ನೀರು ಎರಡೂ ಕಡೆ ಬೆಳ್ಳಗಾಗುವುದರಿಂದ ಅದೊಂದೇ ಭೇದ ಹೇಳಲಾರದು. ಕಾಳಿನ ಬಾಟಲಿಯಲ್ಲಿ ಆಮ್ಲಜನಕ ಮುಗಿದಿದೆ, ಯೀಸ್ಟಿನ ಬಾಟಲಿ ಮರುದಿನ ಮದ್ಯಸಾರದ ವಾಸನೆ ಹೊಡೆಯುತ್ತದೆ, ತೋರಿಸಬೇಕಾದದ್ದು ಇದನ್ನೇ.

ಜೀವಕೋಶದೊಳಗೆ ಮೊದಲ ಹೆಜ್ಜೆ ಎರಡಕ್ಕೂ ಒಂದೇ. ಕೋಶದ್ರವ್ಯದಲ್ಲಿ ಗ್ಲೂಕೋಸ್ ಒಡೆದು ಎರಡು ಪೈರುವೇಟ್ ಆಗುತ್ತದೆ, ನಿವ್ವಳ 2 ಎಟಿಪಿ (ಜೀವಕೋಶ ಬಳಸುವ ಶಕ್ತಿಯ ಅಣು) ಸಿಗುತ್ತದೆ. ಯೀಸ್ಟಿನ ದುಡಿಮೆ ಅಷ್ಟಕ್ಕೇ ನಿಂತು, ಉಳಿದ ಶಕ್ತಿ ಮದ್ಯಸಾರದಲ್ಲೇ ಕೂತಿರುತ್ತದೆ. ಕಾಳಿನಲ್ಲಿ ಪೈರುವೇಟ್ ಮೈಟೊಕಾಂಡ್ರಿಯಾ ಹೊಕ್ಕು ನೀರು, ಇಂಗಾಲದ ಡೈಆಕ್ಸೈಡ್ ಆಗುವಷ್ಟರಲ್ಲಿ ಒಟ್ಟು ಸುಮಾರು 30–32 ಎಟಿಪಿ ಬರುತ್ತದೆ. ಹಳೆಯ ಪುಸ್ತಕಗಳಲ್ಲಿ 36–38 ಎಂದಿದೆ.

ಯೀಸ್ಟ್ ಸಿಗದಿದ್ದರೆ ಬೆಣ್ಣೆದೋಸೆ ಹಿಟ್ಟು ಬದಲಿಯಾಗದು. ಅದನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಬರುವುದು ಹುಳಿ ವಾಸನೆ.