ಬಫರ್ ಬಿಡುವ ನಾಲ್ಕು ದಾರಿಗಳು, ನಾನು ನಿಂತ ಒಂದು

ಗ್ರಾಫಿಕ್ಸ್ ಚಿಪ್ (ಜಿಪಿಯು) ಬಳಸಿ ಮುಗಿಸಿದ ಬಫರನ್ನು, ಎಂದರೆ ಮೆಮೊರಿಯ ಜಾಗವನ್ನು, ಯಾವಾಗ ಬಿಡಬೇಕೆಂದು ತೀರ್ಮಾನಿಸುವ ನಾಲ್ಕು ದಾರಿಗಳ ಮಾತಿದು. ಮೊದಲೇ ಹೇಳಿಬಿಡುತ್ತೇನೆ, ನಾನು ಟೈಮ್‌ಲೈನ್ ಸೆಮಾಫೋರ್ ಎಂಬ ನಾಲ್ಕನೆಯದರ ಪಕ್ಷದವನು. ಉಳಿದ ಮೂರು ದಾರಿಗಳ ಬಗ್ಗೆ ತಕ್ಕಡಿ ಹಿಡಿದು ಮಾತಾಡುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಲಕ್ಕುಂಡಿಯ ಮುಸುಕಿನ ಬಾವಿಯನ್ನೂ ಕಾಶಿವಿಶ್ವೇಶ್ವರ ಗುಡಿಯ ಕಂಬಗಳನ್ನೂ ಮೊಬೈಲ್‌ನಲ್ಲಿ ನೂರಾರು ಫೋಟೊ ತೆಗೆದು ಮೂರು ಆಯಾಮದ ಮಾದರಿ ಮಾಡಿದ್ದೆ. ಹುಬ್ಬಳ್ಳಿಯಲ್ಲಿ ಕುಳಿತು ಅದನ್ನು ತೋರಿಸುವ ಪ್ರೋಗ್ರಾಂ ಬರೆಯತೊಡಗಿದೆ. ಇಡೀ ಮಾದರಿ ಒಮ್ಮೆಲೇ ಗ್ರಾಫಿಕ್ಸ್ ಮೆಮೊರಿಯಲ್ಲಿ ಹಿಡಿಯುವುದಿಲ್ಲ. ನೋಡುವವರು ಹತ್ತಿರ ಹೋದಂತೆ ತುಂಡುಗಳನ್ನು ತರಬೇಕು, ದೂರ ಸರಿದಂತೆ ಬಿಡಬೇಕು. ತರುವುದು ಸುಲಭ, ಬಿಡುವುದರಲ್ಲೇ ಇದೆ ತಕರಾರು. ಕಂಪ್ಯೂಟರಿನ ಮುಖ್ಯ ಚಿಪ್ ಆದ ಸಿಪಿಯು, ಚಿತ್ರ ಬಿಡಿಸುವ ಆಜ್ಞೆಯನ್ನು ಜಿಪಿಯುಗೆ ಒಪ್ಪಿಸಿ ಮುಂದೆ ಹೋಗಿರುತ್ತದೆ. ಜಿಪಿಯು ಅದೇ ಆಜ್ಞೆಯನ್ನು ಹಿಂದಿನಿಂದ ಓದುತ್ತಿರುತ್ತದೆ. ಜಿಪಿಯುಗೆ ಆಜ್ಞೆ ಕೊಡುವ ಹಳೆಯ ವ್ಯವಸ್ಥೆಯಾದ ಓಪನ್‌ಜಿಎಲ್‌ನಲ್ಲಿ ಬಫರ್ ಅಳಿಸು ಎಂದರೂ, ಬಳಕೆ ಮುಗಿಯುವವರೆಗೆ ಅದರ ಜಾಗವನ್ನು ಡ್ರೈವರ್ (ಜಿಪಿಯು ನಡೆಸುವ ತಂತ್ರಾಂಶ) ಕಾಯ್ದುಕೊಳ್ಳುತ್ತದೆ. 2016ರಲ್ಲಿ ಬಂದ ಹೊಸ ವ್ಯವಸ್ಥೆ ವಲ್ಕನ್ ಆ ಕಾವಲನ್ನು ನಮ್ಮ ತಲೆಗೆ ಕಟ್ಟಿತು.

ಮೊದಲ ದಾರಿ ಡಿವೈಸ್ ವೇಟ್ ಐಡಲ್. ಜಿಪಿಯು ಕೈಯಲ್ಲಿರುವ ಕೆಲಸವೆಲ್ಲ ಮುಗಿಯುವವರೆಗೆ ನಿಂತು, ಆಮೇಲೆ ಬಿಡುವುದು. ತಪ್ಪಾಗಲು ಆಸ್ಪದವೇ ಇಲ್ಲ. ಆದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬೇಕೆಂದರೆ ಒಂದಕ್ಕೆ ಸಿಗುವುದು 16.6 ಮಿಲಿಸೆಕೆಂಡ್. ಬಾವಿಯ ಮೆಟ್ಟಿಲಿಳಿಯುವಾಗ ಪ್ರತಿ ತುಂಡಿಗೂ ಹೀಗೆ ನಿಂತರೆ ಚಿತ್ರ ಎಡವುತ್ತಲೇ ಇಳಿಯುತ್ತದೆ. ಪ್ರೋಗ್ರಾಂ ಮುಚ್ಚುವಾಗ ಮಾತ್ರ ಇದನ್ನು ಉಳಿಸಿಕೊಂಡಿದ್ದೇನೆ.

ಎರಡನೆಯದು ಫ್ರೇಮ್ ಎಣಿಸುವುದು. ನನ್ನ ಎರಡು ವಾರ ತಿಂದದ್ದು ಇದೇ. ಬೇಡವಾದ ತುಂಡನ್ನು ಒಂದು ಸಾಲಿನಲ್ಲಿ ಇಡುವುದು, ಮೂರು ಫ್ರೇಮ್ ಕಳೆದ ಮೇಲೆ ಬಿಡುವುದು. ಏಕಕಾಲಕ್ಕೆ ಎರಡೇ ಫ್ರೇಮ್ ಜಿಪಿಯು ಕೈಯಲ್ಲಿರುವುದರಿಂದ ಮೂರು ಸಾಕು ಎಂಬುದು ನನ್ನ ಲೆಕ್ಕ. ನನ್ನ ಯಂತ್ರದಲ್ಲಿ ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು.

ಗದಗದಲ್ಲಿ ಮುದ್ರಣಾಲಯ ನಡೆಸುವ ಗೆಳೆಯನಿಗೆ ತೋರಿಸಲು ಹೋದೆ. ಅವನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬಾವಿ ಬಂತು. ಅವನು ಪಕ್ಕದಲ್ಲಿ ಬೇರೇನೋ ತೆರೆಯಲು ಪ್ರೋಗ್ರಾಂನ ಕಿಟಕಿಯ (ವಿಂಡೋ) ಅಂಚು ಹಿಡಿದು ಎಳೆದ. ಕಂಬದ ನಡುವಿನಿಂದ ಮೆಟ್ಟಿಲ ಕಲ್ಲೊಂದು ಚೂಪಾಗಿ ಹೊರಟು ಪರದೆಯ ಆಚೆಗೆ ಹೋಯಿತು. ಮರುಕ್ಷಣ ಎಲ್ಲ ಸರಿ. ಮತ್ತೆ ಎಳೆದ, ಮತ್ತೆ ಹೊರಟಿತು. ‘ಇದು ಚಾಲುಕ್ಯರ ಕಾಲದ್ದೋ ನಿನ್ನದೋ?’ ಎಂದು ಕೇಳಿದ.

ಕಾರಣ ಸಿಕ್ಕ ಮೇಲೆ ನಾಚಿಕೆಯಾಯಿತು. ಕಿಟಕಿಯ ಗಾತ್ರ ಬದಲಾದಾಗ ಸ್ವಾಪ್‌ಚೈನ್, ಎಂದರೆ ಪರದೆಗೆ ಹೋಗುವ ಚಿತ್ರಗಳ ಸರದಿ, ಹಳತಾಗುತ್ತದೆ. ಚಿತ್ರ ಕೇಳಿದರೆ ‘ಅವಧಿ ಮೀರಿದೆ’ ಎಂಬ ಉತ್ತರ ಬರುತ್ತದೆ. ನನ್ನ ಕೋಡ್ ಅಲ್ಲಿಂದಲೇ ಹಿಂದಿರುಗುತ್ತಿತ್ತು, ಜಿಪಿಯುಗೆ ಹೊಸದೇನನ್ನೂ ಒಪ್ಪಿಸುತ್ತಿರಲಿಲ್ಲ. ಆದರೆ ಫ್ರೇಮ್ ಎಣಿಕೆಯನ್ನು, ಪ್ರತಿ ಫ್ರೇಮಿಗೂ ಮರುಕಳಿಸುವ ಲೂಪ್‌ನ ಮೊದಲ ಸಾಲಿನಲ್ಲೇ ಏರಿಸಿಬಿಟ್ಟಿದ್ದೆ. ಏಕಕಾಲದ ಎರಡು ಫ್ರೇಮಿಗೂ ಒಂದೊಂದು ಸ್ಥಾನ, ಪ್ರತಿ ಸ್ಥಾನಕ್ಕೂ ಕೆಲಸ ಮುಗಿದದ್ದನ್ನು ಹೇಳುವ ಗುರುತಾಗಿ ಒಂದು ಫೆನ್ಸ್. ಫೆನ್ಸ್‌ಗೆ ಕಾಯುವ ಸ್ಥಾನ ಮಾತ್ರ ಲೂಪ್‌ನ ಕೊನೆಯಲ್ಲಿ ಬದಲಾಗಬೇಕು. ಅಲ್ಲಿಗೆ ತಲುಪುತ್ತಲೇ ಇರಲಿಲ್ಲವಾದ್ದರಿಂದ, ಆಗಲೇ ಮುಗಿದಿದ್ದ ಒಂದೇ ಫೆನ್ಸ್ ಅನ್ನು ಮತ್ತೆ ಮತ್ತೆ ನೋಡಿ ಮುಂದೆ ಹೋಗುತ್ತಿತ್ತು. ಅಂಚು ಎಳೆಯುವ ಹೊತ್ತಿಗೆ ಕಣ್ಣು ಮಿಟುಕಿಸುವುದರೊಳಗೆ ಮೂರು ‘ಫ್ರೇಮ್’ ಕಳೆದವು. ಮತ್ತೊಂದು ಸ್ಥಾನದ ನಿಜವಾದ ಫ್ರೇಮನ್ನು ಜಿಪಿಯು ಇನ್ನೂ ಓದುತ್ತಿತ್ತು. ಖಾನಾವಳಿಯಲ್ಲಿ ಮೂರು ಸಲ ಬಡಿಸಿ ಆಯಿತೆಂದು, ಉಣ್ಣುತ್ತಿರುವವನ ಮುಂದಿನ ತಟ್ಟೆಯನ್ನು ಎತ್ತಿದಂತೆ.

ತಪಾಸಣೆಯ ವ್ಯಾಲಿಡೇಶನ್ ಲೇಯರ್ ಯಾಕೆ ಕೂಗಲಿಲ್ಲ ಎಂದು ಕೇಳಬಹುದು. ಬಳಕೆಯಲ್ಲಿರುವ ಬಫರ್ ನಾಶ ಮಾಡಿದರೆ ಅದು ಕೂಗುತ್ತದೆ. ನಾನು ನಾಶ ಮಾಡುತ್ತಿರಲಿಲ್ಲ. ಒಂದು ದೊಡ್ಡ ಬಫರ್ ಪಡೆದು ಅದರೊಳಗಿನ ಜಾಗವನ್ನು ನಾನೇ ತುಂಡುಗಳಿಗೆ ಹಂಚುತ್ತಿದ್ದೆ. ಬಫರ್ ಇದ್ದಲ್ಲೇ ಇತ್ತು, ಕಂಬದ ಜಾಗಕ್ಕೆ ಮೆಟ್ಟಿಲಿನ ಬಿಂದುಗಳು ಬಂದು ಕುಳಿತಿದ್ದವು. ಪ್ರೋಗ್ರಾಂ ಕುಸಿದು ಬಿದ್ದಿದ್ದರೆ ಒಂದೇ ದಿನದಲ್ಲಿ ಹಿಡಿಯುತ್ತಿದ್ದೆ.

ಎಣಿಕೆಯ ಸಾಲನ್ನು ಕೆಳಗೆ ಸರಿಸಿದರೆ ಮುಗಿಯಿತಲ್ಲ ಎನ್ನುವವರಿಗೆ: ಸರಿಸಿದೆ. ಆಗ ತಿರುವುಮುರುವಾಯಿತು. ಕಿಟಕಿಯನ್ನು ಕೆಳಗಿಳಿಸಿಟ್ಟರೆ ಫ್ರೇಮೇ ಇಲ್ಲ, ಎಣಿಕೆ ನಿಂತಿತು. ತುಂಡು ತರುವ ಥ್ರೆಡ್ (ಬೇರೆಯಾಗಿ ನಡೆಯುವ ಕೋಡಿನ ಎಳೆ) ಮಾತ್ರ ತನ್ನ ಪಾಡಿಗೆ ತರುತ್ತಲೇ ಇತ್ತು, ಬಿಡಬೇಕಾದವು ಸಾಲಿನಲ್ಲೇ ಕೊಳೆತವು. ನಾನು ಮಿರ್ಚಿ ತಿಂದು ಬರುವಷ್ಟರಲ್ಲಿ ಮೆಮೊರಿ ತುಂಬಿತ್ತು.

ಮೂರನೆಯದು ರೆಫರೆನ್ಸ್ ಎಣಿಕೆ, ಎಂದರೆ ಒಂದು ತುಂಡನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಎಂಬ ಲೆಕ್ಕ. ಪ್ರತಿ ಕಮಾಂಡ್ ಬಫರ್ (ಜಿಪಿಯುಗೆ ಒಪ್ಪಿಸುವ ಆಜ್ಞೆಗಳ ಕಟ್ಟು) ತಾನು ಮುಟ್ಟಿದ ತುಂಡುಗಳನ್ನು ಹಿಡಿದುಕೊಂಡು, ಕೆಲಸ ಮುಗಿದ ಮೇಲೆ ಬಿಡುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಗ್ರಾಫಿಕ್ಸ್ ನೋಡಿಕೊಳ್ಳುವ ಡಿಆರ್‌ಎಂ ವಿಭಾಗವೂ ಜೆಮ್ ಎಂಬ ಮೆಮೊರಿ ವಸ್ತುಗಳನ್ನು ರೆಫರೆನ್ಸ್ ಎಣಿಸಿಯೇ ಕಾಯುತ್ತದೆ. ಬಳಸುವ ಪ್ರೋಗ್ರಾಂ ತನ್ನ ಹಿಡಿಕೆಯನ್ನು (ಹ್ಯಾಂಡಲ್) ಮುಚ್ಚಿದರೂ ಬೇರೆ ಯಾರಾದರೂ ಹಿಡಿದಿರುವವರೆಗೆ ವಸ್ತು ಉಳಿಯುತ್ತದೆ. ವಿಧಾನ ಗಟ್ಟಿಯೇ. ಆದರೆ ಸಾವಿರಾರು ತುಂಡುಗಳಿಗೆ ಪ್ರತಿ ಫ್ರೇಮಿಗೂ ಏರಿಸಿ ಇಳಿಸುವ ಲೆಕ್ಕ ಬರೆಯುವುದು ಒಬ್ಬನೇ ರಾತ್ರಿ ಕುಳಿತು ಬರೆಯುವ ನನಗೆ ಒಗ್ಗಲಿಲ್ಲ. ನಾಲ್ಕು ಜನರ ತಂಡವಿದ್ದರೆ ಇದನ್ನೇ ಹಿಡಿಯುತ್ತಿದ್ದೆನೇನೋ.

ಇನ್ನು ನನ್ನದು. ಟೈಮ್‌ಲೈನ್ ಸೆಮಾಫೋರ್ ಎಂದರೆ ಏರುತ್ತಲೇ ಹೋಗುವ 64 ಬಿಟ್‌ಗಳ ಒಂದು ಸಂಖ್ಯೆ. 2020ರ ವಲ್ಕನ್ 1.2ರಲ್ಲಿ ಮೂಲ ಭಾಗವಾಯಿತು. ಕೆಲಸ ಒಪ್ಪಿಸುವಾಗ ಒಂದು ಸಂಖ್ಯೆ ಕೊಡುತ್ತೇನೆ, ಕೆಲಸ ಮುಗಿದಾಗ ಜಿಪಿಯು ಸೆಮಾಫೋರನ್ನು ಆ ಸಂಖ್ಯೆಗೆ ಏರಿಸುತ್ತದೆ. ಬಿಡಬೇಕಾದ ತುಂಡಿನ ಮೇಲೆ ಅದನ್ನು ಕೊನೆಯದಾಗಿ ಬಳಸಿದ ಕೆಲಸದ ಸಂಖ್ಯೆ ಬರೆದಿಡುತ್ತೇನೆ. ತುಂಡು ತರುವ ಥ್ರೆಡ್ಡೇ ಆಗಾಗ ಸೆಮಾಫೋರ್‌ನ ಬೆಲೆ ಓದಿ, ಅದಕ್ಕೆ ಸಮ ಅಥವಾ ಕಡಿಮೆ ಇರುವ ತುಂಡುಗಳ ಜಾಗವನ್ನೆಲ್ಲ ಬಿಡುತ್ತದೆ. ಕಿಟಕಿ ಎಳೆಯಿರಿ, ಕೆಳಗಿಳಿಸಿ, ಏನೇ ಮಾಡಿ, ಫ್ರೇಮಿನ ಮಾತೇ ಇಲ್ಲ. ಪ್ರತಿ ಕ್ಯೂಗೂ (ಜಿಪಿಯುಗೆ ಕೆಲಸ ಒಪ್ಪಿಸುವ ಸಾಲು) ಪ್ರತ್ಯೇಕ ಸಂಖ್ಯೆ ಇಡಬೇಕು, ಅಷ್ಟೇ.

ಕಿರಿಕಿರಿ ಇಲ್ಲವೆಂದಲ್ಲ. ಪರದೆಗೆ ಚಿತ್ರ ಕೊಡುವ ಕಡೆ ಸಂಖ್ಯೆಯಿಲ್ಲದ, ‘ಆಯಿತು’ ‘ಇಲ್ಲ’ ಎಂಬ ಎರಡೇ ಸ್ಥಿತಿಯ ಹಳೆಯ ಬೈನರಿ ಸೆಮಾಫೋರೇ ಬೇಕಾದ್ದರಿಂದ ಎರಡೂ ಬಗೆ ಒಂದೇ ಕೋಡ್‌ನಲ್ಲಿ ಇರುತ್ತವೆ. ಜೊತೆಗೆ ಮನೆಯಲ್ಲಿರುವ ಹಳೆಯ ಮೊಬೈಲ್ ವಲ್ಕನ್ 1.1ರಲ್ಲೇ ನಿಂತಿದೆ, ಈ ಸೌಲಭ್ಯವನ್ನು ಹೆಚ್ಚುವರಿಯಾಗಿ ಸೇರಿಸುವ ಎಕ್ಸ್‌ಟೆನ್ಶನ್ ಕೂಡ ಅದರಲ್ಲಿಲ್ಲ. ಹೊಸದು ಕೊಳ್ಳುವ ಯೋಚನೆ ಈ ವರ್ಷ ಇಲ್ಲ. ಅದಕ್ಕೆಂದು ಪ್ರತಿ ಒಪ್ಪಿಸುವಿಕೆಗೂ ಒಂದು ಫೆನ್ಸ್ ಇಟ್ಟು, ಸಂಖ್ಯೆಯ ಕೆಲಸವನ್ನು ಅದರಿಂದಲೇ ಮಾಡಿಸುತ್ತಿದ್ದೇನೆ.