ನಾರುಬೇರಿನ ಮುಲಾಮು ಅಂತ ಬಣ್ಣ ಮಾರುತ್ತಿದ್ದಾರೆ: ಗಂಗಾವತಿ, ಆನೆಗೊಂದಿ ಕಡೆಯವರು ಪೂರ್ತಿ ಓದಿ

ಅಂಜನಾದ್ರಿಗೆ ಬರುವವರು, ಸಾಣಾಪುರದ ಕಡೆ ಬಂಡೆ ಹತ್ತುವವರು, ರಜೆಯಲ್ಲಿ ಮಕ್ಕಳನ್ನು ಗುಡ್ಡಕ್ಕೆ ಕಳಿಸುವ ತಂದೆತಾಯಿ, ಎಲ್ಲರೂ ಓದಿ. ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಮೇಲೆ ಎಲೆಯ ಚಿತ್ರ, ಒಳಗೆ ಕಣ್ಣು ಕುಕ್ಕುವ ಹಳದಿ ಮುಲಾಮು. ಗಾಯ, ತರಚು, ಮುಳ್ಳು, ಹುಳ ಕಡಿದದ್ದು, ಸುಟ್ಟಿದ್ದು ಎಲ್ಲದಕ್ಕೂ ಒಂದೇ ಔಷಧ ಅಂತ ಚೀಟಿ ಅಂಟಿಸಿರುತ್ತಾರೆ. ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ತಾರೀಕಿಲ್ಲ. ತಗೋಬೇಡಿ. ತಗೊಂಡಿದ್ದರೆ ಗಾಯಕ್ಕೆ ಹಚ್ಚಬೇಡಿ.

ನಮ್ಮ ಓಣಿಯ ಕಾಲೇಜು ಹುಡುಗರನ್ನು ಭಾನುವಾರ ಗುಡ್ಡಕ್ಕೆ ಕರಕೊಂಡು ಹೋಗುವವನು ನಾನು. ಇಲ್ಲಿಯ ಬಂಡೆ ಹೇಗಿದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಗ್ರಾನೈಟಿನ ಮೇಲೆ ಒಮ್ಮೆ ಜಾರಿದರೆ ಮೊಣಕೈ, ಮೊಣಕಾಲು ತುರಿಮಣೆಗೆ ತಿಕ್ಕಿದಂತೆ ಸುಲಿಯುತ್ತದೆ. ಬಂಡೆಯಿಂದ ತಪ್ಪಿಸಿಕೊಂಡರೆ ಬಳ್ಳಾರಿ ಜಾಲಿಯ ಮುಳ್ಳು. ಮಳೆಗಾಲದಲ್ಲಾದರೆ ಬದುವಿನಲ್ಲಿ ಗಬ್ಬು ಸೇವಂತಿ ಸಿಗುತ್ತದೆ, ನಮ್ಮ ಹಿರಿಯರು ಅದರ ಎಲೆ ತಿಕ್ಕಿ ರಸ ಹಿಂಡಿ ರಕ್ತ ನಿಲ್ಲಿಸುತ್ತಿದ್ದರು. ಬೇಸಿಗೆಯಲ್ಲಿ ಎಲ್ಲಾ ಒಣಗಿ ಹೋಗಿರುತ್ತದೆ. ಅದಕ್ಕೇ ಡಬ್ಬಿಯಲ್ಲಿ ಇಡುವಂಥ ಮುಲಾಮು ಹುಡುಕಿದ್ದು.

ಗುಡ್ಡದ ಹಾದಿಯಲ್ಲಿ ನಾಟಿ ಔಷಧ ಹರವಿಕೊಂಡು ಕೂರುವ ಒಬ್ಬರು ಸಿಕ್ಕರು. ಹೆಸರು ಬರೆಯುವುದಿಲ್ಲ. ವಯಸ್ಸಾದವರು, ಮಾತು ಬೆಣ್ಣೆ, ಹಣೆ ತುಂಬಾ ವಿಭೂತಿ. "ಗಬ್ಬು ಸೇವಂತಿ, ಬೇವು, ಲೋಳೆಸರ, ಅರಿಷಿಣ, ಔಡಲೆಣ್ಣಿ, ಜೇನುಮೇಣ. ಇಷ್ಟ ರೀ. ಒಂದು ಹನಿ ಕೆಮಿಕಲ್ ಇಲ್ಲ" ಅಂದರು. ನನ್ನ ಅಂಗೈಗೆ ಹಚ್ಚಿ ತೋರಿಸಿದರು. ಅದು ಕಪ್ಪು ಹಸಿರು ಬಣ್ಣದ್ದು. ಎಲೆಯ ವಾಸನೆ, ಔಡಲೆಣ್ಣೆಯ ವಾಸನೆ ಇತ್ತು. ಅದನ್ನು ನೆನಪಿಡಿ: ತೋರಿಸಿದ್ದು ಹಸಿರು. ಡಬ್ಬಿಗೆ 250 ರೂಪಾಯಿ. ಹುಡುಗರಿಗೂ ಸೇರಿ 12 ಡಬ್ಬಿ ಹೇಳಿದೆ. ಬೇರು ತರೋಕೆ ರೊಕ್ಕ ಬೇಕು ಅಂದರು. ಇಂಥ ವ್ಯವಹಾರದಲ್ಲಿ ಮುಂಗಡ ಇದ್ದದ್ದೇ, ಆದರೆ ಇವರು ಪೂರ್ತಿ 3,000 ಮೊದಲೇ ಫೋನ್‌ಪೇ ಮಾಡಿಸಿಕೊಂಡರು. ಬಂದದ್ದು ಹಳದಿ. ತೋರಿಸಿದ್ದು ಹಸಿರು, ಕೈಗೆ ಬಂದದ್ದು ಹಳದಿ!

ಕೇಳಿದ್ದಕ್ಕೆ, "ಈ ಸಲ ಅರಿಷಿಣ ಜಾಸ್ತಿ ಹಾಕೇನಿ ಸರ್, ನಿಮ್ಮ ಹುಡುಗರ ಸಲುವಾಗಿ" ಅಂದರು. ನನ್ನ ಮೇಲೆ ಉಪಕಾರ ಮಾಡಿದವರ ಹಾಗೆ. ಮುಚ್ಚಳ ತೆಗೆದರೆ ಕರ್ಪೂರದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹೇಳಿದ ಪಟ್ಟಿಯಲ್ಲಿ ಕರ್ಪೂರದ ಮಾತೇ ಇರಲಿಲ್ಲ.

ಮುಂದಿನ ಭಾನುವಾರ ಸಾಣಾಪುರ ಕೆರೆ ಹಿಂದಿನ ಬಂಡೆಯಲ್ಲಿ ಒಬ್ಬ ಹುಡುಗ ಜಾರಿದ. ಮುಂಗೈ ತರಚಿತು. ಸಣ್ಣ ಗಾಯ, ರಕ್ತವೂ ಹೆಚ್ಚು ಬರಲಿಲ್ಲ. ಬಾಟಲಿ ನೀರಿನಿಂದ ತೊಳೆದು ಇದನ್ನು ಹಚ್ಚಿದೆವು. ಹಚ್ಚಿದ ಕೂಡಲೇ ಹುಡುಗ ಕುಣಿದಾಡಿಬಿಟ್ಟ, ಅಷ್ಟು ಉರಿ. ಔಷಧ ಅಂದಮೇಲೆ ಉರಿಯುತ್ತದೆ ಅಂತ ಉಳಿದ ಹುಡುಗರು ಸಮಾಧಾನ ಮಾಡಿದರು. ಸಂಜೆಗೆ ಗಾಯ ಇದ್ದಲ್ಲಿ ಮಾತ್ರ ಅಲ್ಲ, ಮುಲಾಮು ತಾಗಿದಲ್ಲೆಲ್ಲಾ ಕೆಂಪು. ಮಾರನೇ ದಿನ ಸಣ್ಣ ಸಣ್ಣ ನೀರುಗುಳ್ಳೆ, ತಡೆಯಲಾಗದ ತುರಿಕೆ.

ಚರ್ಮದ ಡಾಕ್ಟರು ಮೊದಲು ಅದನ್ನೆಲ್ಲಾ ತೊಳೆಸಿದರು. ಹಚ್ಚಿದ ಪದಾರ್ಥಕ್ಕೇ ಚರ್ಮ ಕೆರಳಿದೆ, ಇದಕ್ಕೆ ಕಾಂಟ್ಯಾಕ್ಟ್ ಡರ್ಮಟೈಟಿಸ್ ಅಂತಾರೆ ಅಂದರು. ಕರ್ಪೂರ, ಮೆಂಥಾಲ್ ಇರುವಂಥದ್ದನ್ನು ಒಡೆದ ಚರ್ಮಕ್ಕೆ ಹಚ್ಚಲೇಬಾರದಂತೆ. ಮಂಡಿನೋವಿಗೆ ತಿಕ್ಕುವ ವಸ್ತು ಬೇರೆ, ಹಸಿ ಗಾಯದ್ದು ಬೇರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಕಷ್ಟ, ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು ಅಂದರು. ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು.

ಆದರೆ ನಿಜ ಬಯಲು ಮಾಡಿದ್ದು ಆ ಹುಡುಗನ ತಾಯಿ. ಅಂಗಿ ತೋಳಿಗೆ ಮುಲಾಮು ಹತ್ತಿತ್ತು. ಬಟ್ಟೆ ಸೋಪು ಹಚ್ಚಿ ತಿಕ್ಕಿದ್ದಾರೆ. ನನ್ನನ್ನು ಮನೆಗೆ ಕರೆದು ಅಂಗಿ ಮುಂದಿಟ್ಟರು. "ತಮ್ಮಾ, ಅರಿಷಿಣದ ಕಲಿಗೆ ಸೋಪು ಹಚ್ಚಿದ್ರ ಏನಾಕತಿ? ಕೆಂಪಾಕತಿ. ಇದು ನೋಡು, ಹಳದಿ ಹಂಗ ಐತಿ. ಇದು ಅರಿಷಿಣ ಅಲ್ಲ." ಅಷ್ಟೇ ಹೇಳಿದ್ದು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅರಿಶಿನಕ್ಕೆ ಸುಣ್ಣ ಸೇರಿಸಿಯೇ ಕುಂಕುಮ ಮಾಡುವುದು, ಸೋಪಿನ ಕ್ಷಾರ ತಾಗಿದರೂ ಹಾಗೇ ಕೆಂಪಗಾಗಬೇಕು. ಇದು ಒಂದಿಷ್ಟೂ ಬದಲಾಗಿರಲಿಲ್ಲ. ಅರಿಶಿನ ಜಾಸ್ತಿ ಹಾಕೇನಿ ಅಂದಿದ್ದನಲ್ಲ! ಮನೆಗೆ ಬಂದು ಎರಡು ಡಬ್ಬಿ ಮುಟ್ಟದೆ ಬಿಟ್ಟು, ಉಳಿದವುಗಳಿಂದಲೂ ಬಿಳಿ ಬಟ್ಟೆಗೆ ಹಚ್ಚಿ ಸೋಪು ತಿಕ್ಕಿ ನೋಡಿದೆ. ಎಲ್ಲಾ ಹಳದಿ. ಪಕ್ಕದಲ್ಲಿ ಅಡುಗೆಮನೆ ಅರಿಶಿನ ಎಣ್ಣೆಯಲ್ಲಿ ಕಲಸಿ ಹಚ್ಚಿದ್ದೆ, ಅದು ಇಟ್ಟಿಗೆ ಕೆಂಪಾಯಿತು. ಹುಡುಗನ ತಂದೆ ದಾರಿಯಲ್ಲಿ ಎದುರಾದರೆ ಈಗಲೂ ಮುಖ ಕೊಟ್ಟು ಮಾತಾಡಲು ಆಗುತ್ತಿಲ್ಲ ನನಗೆ. ಆ ಡಬ್ಬಿ ನನ್ನ ಕೈಯಿಂದ ಅವರ ಮಗನ ಕೈಗೆ ಹೋಗಿತ್ತು.

ಈಗ ಆ ಮನುಷ್ಯನ ಉತ್ತರಗಳನ್ನು ಕೇಳಿ. ಫೋನ್ ಮಾಡಿ ಗುಳ್ಳೆ ಬಂದಿದೆ ಅಂದೆ.

"ಬರಲೇಬೇಕಲ್ರೀ! ಒಳಗಿನ ನಂಜು ಹೊರಗ ಬರಾಕತ್ತೈತಿ. ಇನ್ನೂ ದಪ್ಪ ಹಚ್ಚ್ರಿ."

ಇನ್ನೂ ದಪ್ಪ ಹಚ್ಚಬೇಕಂತೆ! ಡಾಕ್ಟರು ಬೇಡ ಅಂದಿದ್ದಾರೆ ಅಂದೆ.

"ಹುಡುಗ ಬದನಿಕಾಯಿ ತಿಂದಾನೇನು ಕೇಳ್ರಿ. ಬದನಿಕಾಯಿ ತಿಂದ್ರ ಯಾವ ಔಷಧಾನೂ ಹತ್ತಂಗಿಲ್ಲ."

ಅರಿಶಿನ ಅಲ್ಲ ಅಂತ ಸೋಪಿನ ಮಾತು ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಾಡರಿಷಿಣ ರೀ ಅದು. ಅದು ಕೆಂಪಾಗಂಗಿಲ್ಲ." ಹಾಗಾದರೆ ಡಬ್ಬಿಯ ಮೇಲೆ ಲೈಸೆನ್ಸ್ ನಂಬರ್ ಯಾಕಿಲ್ಲ ಅಂದೆ. ಆಗ ಬಂದ ಉತ್ತರ ನಾನು ಮರೆಯುವುದಿಲ್ಲ:

"ಹನುಮಪ್ಪ ಸಂಜೀವಿನಿ ತಂದಾಗ ಯಾರರ ಲೈಸೆನ್ಸ್ ಕೇಳಿದ್ರೇನ್ರೀ?"

ಅಂಜನಾದ್ರಿಯ 575 ಮೆಟ್ಟಿಲು ಬರಿಗಾಲಲ್ಲಿ ಹತ್ತುವ ಭಕ್ತರ ಹಾದಿಯಲ್ಲಿ ಕೂತು, ಅದೇ ಹನುಮಪ್ಪನ ಹೆಸರಲ್ಲಿ ಈ ಮಾತು. ಮೈ ಉರಿದುಹೋಯಿತು. ರೊಕ್ಕ ವಾಪಸ್ ಕೊಡಿ ಅಂದೆ. "ಸೀಲ್ ಒಡೆದ ಮಾಲು ತಗೊಳಂಗಿಲ್ಲ" ಅಂದರು. ಸೀಲ್ ಇದ್ದರೆ ತಾನೆ ಒಡೆಯೋದು? ಯಾವ ಡಬ್ಬಿಗೂ ಸೀಲೇ ಇರಲಿಲ್ಲ. ಆಮೇಲೆ ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದರು.

ಲೈಸೆನ್ಸ್ ವಿಚಾರ ಕೇಳಿಕೊಂಡು ಬಂದಿದ್ದೇನೆ. ಮಾರಾಟಕ್ಕೆ ಆಯುರ್ವೇದ ಔಷಧ ತಯಾರಿಸಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಚೀಟಿಯಲ್ಲಿ ಏನೇನು ಹಾಕಿದೆ, ಯಾರು ಎಲ್ಲಿ ತಯಾರಿಸಿದ್ದು, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ತಾರೀಕು, ಯಾವಾಗಿನವರೆಗೆ ಬಳಸಬಹುದು, ಮೈ ಮೇಲೆ ಹಚ್ಚುವಂಥದ್ದಾದರೆ ಹೊರ ಬಳಕೆಗೆ ಮಾತ್ರ ಅನ್ನುವುದು, ಇಷ್ಟೂ ಇರಬೇಕು. ವೈದ್ಯರು ತಮ್ಮ ಸ್ವಂತ ರೋಗಿಗೆ ಅರೆದು ಕೊಡುವುದಕ್ಕೆ ವಿನಾಯಿತಿ ಇದೆ, ನಮ್ಮೂರ ಪಂಡಿತರ ಬಗ್ಗೆ ನನ್ನದೇನೂ ತಕರಾರಿಲ್ಲ. ಡಬ್ಬಿಗೆ ತುಂಬಿ ಹಾದಿ ಬದಿಯಲ್ಲಿ ಎಲ್ಲರಿಗೂ ಮಾರುವವನಿಗೆ ಆ ವಿನಾಯಿತಿ ಇಲ್ಲ.

ಗುಡ್ಡದಲ್ಲಿ ತರಚಿದರೆ ಶುದ್ಧ ನೀರು, ಸೋಪಿನಿಂದ ಮಣ್ಣು ಹೋಗುವವರೆಗೆ ತೊಳೆಯಿರಿ. ಮಣ್ಣು, ಮರಳು ಉಳಿದ ಗಾಯದ ಮೇಲೆ ಎಣ್ಣೆ ಮುಲಾಮು ಯಾವುದೂ ಬೇಡ. ಆಳ ಇದ್ದರೆ, ಮುಳ್ಳು ಮುರಿದು ಒಳಗೇ ಉಳಿದಿದ್ದರೆ ಆಸ್ಪತ್ರೆಗೆ ಹೋಗಿ, ಟಿಟಿ ಕೇಳಿ. ಅರಿಶಿನ ಇದೆ ಅಂದವನ ಮುಲಾಮಿಗೆ ಅಲ್ಲೇ ಸೋಪು ಹಚ್ಚಿ ನೋಡಿ, ಅವನ ಎದುರಿಗೇ. ತೋರಿಸಿದ ಡಬ್ಬಿಯನ್ನೇ ಕೊಂಡುಕೊಳ್ಳಿ, ಬೇರೆದಕ್ಕೆ ಒಂದು ಪೈಸೆ ಮುಂಗಡ ಬೇಡ.

ಕೊಪ್ಪಳದ ಜಿಲ್ಲಾ ಆಯುಷ್ ಕಚೇರಿಗೆ ದೂರು ಬರೆದಿದ್ದೇನೆ, ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿದ್ದೇನೆ. ಮುಟ್ಟದ ಎರಡು ಡಬ್ಬಿ, ರೊಕ್ಕ ಕಳಿಸಿದ ಸ್ಕ್ರೀನ್‌ಶಾಟ್, ಡಾಕ್ಟರ ಚೀಟಿ ಎಲ್ಲಾ ಎತ್ತಿಟ್ಟಿದ್ದೇನೆ. ನೀವೂ ಇದನ್ನು ಕೊಂಡಿದ್ದರೆ ಸಿಟ್ಟಿಗೆ ತಿಪ್ಪೆಗೆ ಎಸೆಯಬೇಡಿ, ಡಬ್ಬಿ ಇಟ್ಟುಕೊಂಡು ನನಗೆ ತಿಳಿಸಿ. ಒಬ್ಬನೇ ಹೋದರೆ ಬದನೆಕಾಯಿ ಕಥೆ ಹೇಳಿ ಕಳಿಸುತ್ತಾನೆ, ನಾಲ್ಕು ಜನ ಸೇರಿ ಹೋಗೋಣ.