ತೊಲೇದೊ ಅಥವಾ ಸೆಗೋವಿಯಾ: ಮ್ಯಾಡ್ರಿಡ್‌ನಿಂದ ಹೋಗಲು ಒಂದೇ ದಿನ ಇದ್ದರೆ

ಎರಡೂ ಊರು ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ. ಸೆಗೋವಿಯಾ 1985ರಲ್ಲಿ, ತೊಲೇದೊ 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಎರಡರಲ್ಲೂ ಅಲ್ಕಾಸರ್ ಎಂಬ ಕೋಟೆ ಇದೆ, ಗಾಥಿಕ್ ಕೆಥೆಡ್ರಲ್ ಇದೆ, ಹಳೆಯ ಯಹೂದಿ ಕೇರಿ ಇದೆ. ಓದುವಾಗ ಅವಳಿ ಜವಳಿ ಅನ್ನಿಸುತ್ತದೆ. ಒಂದೊಂದು ದಿನ ಕೊಟ್ಟು ನಡೆದು ನೋಡಿದರೆ ಗೊತ್ತಾಗುವುದೇ ಬೇರೆ: ತೊಲೇದೊದ ಸೊಗಸೆಲ್ಲ ಬಾಗಿಲ ಒಳಗಿದೆ, ಸೆಗೋವಿಯಾದ್ದು ಬೀದಿಯಲ್ಲೇ ಇದೆ. ಯಾವುದಕ್ಕೆ ಎಷ್ಟು ಹೊತ್ತು, ಎಷ್ಟು ಟಿಕೆಟ್, ಎಷ್ಟು ಕಾಲುನೋವು ಎಂಬುದೆಲ್ಲ ಇದೊಂದರಿಂದಲೇ ತೀರ್ಮಾನವಾಗುತ್ತದೆ.

ಎರಡನ್ನೂ ಒಂದೇ ದಿನದಲ್ಲಿ ತೋರಿಸುವ ಬಸ್ ಪ್ರವಾಸಗಳಿವೆ. ಒಂದು ಊರು ಮ್ಯಾಡ್ರಿಡ್‌ನ ದಕ್ಷಿಣಕ್ಕೆ ಸುಮಾರು 70 ಕಿ.ಮೀ., ಇನ್ನೊಂದು ವಾಯವ್ಯಕ್ಕೆ ಸುಮಾರು 90 ಕಿ.ಮೀ. ದಿನದ ಒಳ್ಳೆಯ ಹೊತ್ತೆಲ್ಲ ಹೆದ್ದಾರಿಯಲ್ಲೇ ಕಳೆದು, ಕೆಥೆಡ್ರಲ್‌ಗಳ ಹೊರಗೋಡೆ ನೋಡಿಕೊಂಡು ವಾಪಸಾಗಬೇಕಾಗುತ್ತದೆ. ಅದು ಬೇಡ.

ಮೊದಲು ದಾರಿಯ ಲೆಕ್ಕ. ತೊಲೇದೊ ರೈಲು ಅತೋಚಾದಿಂದ ಹೊರಡುತ್ತದೆ, ಸೆಗೋವಿಯಾ ರೈಲು ಚಮಾರ್ತೀನ್‌ನಿಂದ. ಇವೆರಡನ್ನು ಅದಲುಬದಲು ಮಾಡಿಕೊಂಡು ರೈಲು ತಪ್ಪಿಸಿಕೊಳ್ಳುವುದು ತೀರಾ ಸಾಮಾನ್ಯ, ಏಕೆಂದರೆ ಎರಡು ನಿಲ್ದಾಣಗಳು ಮ್ಯಾಡ್ರಿಡ್‌ನ ಎರಡು ತುದಿಗಳಲ್ಲಿವೆ. ವೇಗದ ರೈಲು ಹತ್ತುವ ಮುನ್ನ ಬ್ಯಾಗ್ ಸ್ಕ್ಯಾನ್ ಆಗುತ್ತದೆ; ಇಪ್ಪತ್ತು ನಿಮಿಷ ಮುಂಚೆ ಅಲ್ಲಿರಿ. ಎರಡೂ ಕಡೆ ಓಡುವ ‘ಆವಾಂತ್’ ರೈಲಿನಲ್ಲಿ ಸೀಟು ನಂಬರು ಇರುತ್ತದೆ. ಹಾಗಾಗಿ ಶನಿವಾರ, ಭಾನುವಾರ ಬೆಳಗಿನ ಹೋಗುವ ರೈಲು, ಸಂಜೆಯ ಬರುವ ರೈಲು ಎರಡೂ ತುಂಬಿಹೋಗುತ್ತವೆ. ಹೋಗುವ ಟಿಕೆಟ್ ಮಾತ್ರ ಮಾಡಿಸಿ, ಬರುವುದು ಆಮೇಲೆ ನೋಡಿಕೊಳ್ಳೋಣ ಅಂದವರು ಸಂಜೆ ಬಸ್ ನಿಲ್ದಾಣ ಹುಡುಕುತ್ತಿರುತ್ತಾರೆ. ಸೆಗೋವಿಯಾ ಮಾರ್ಗದಲ್ಲಿ ಇನ್ನೊಂದು ತಿರುವು ಇದೆ: ದೂರದೂರಿಗೆ ಹೋಗುವ ದುಬಾರಿ ರೈಲುಗಳೂ ಅಲ್ಲಿ ನಿಲ್ಲುತ್ತವೆ. ಅದೇ ಹಳಿ, ಅದೇ ಅರ್ಧ ಗಂಟೆ, ದರ ಮಾತ್ರ ಬೇರೆ. ರೈಲಿನ ಹೆಸರು ನೋಡಿ ಬುಕ್ ಮಾಡಿ.

ಆದರೆ ಹೊತ್ತು ಹಾಳಾಗುವುದು ರೈಲಿನಲ್ಲಲ್ಲ, ಇಳಿದ ಮೇಲೆ. ಸೆಗೋವಿಯಾದ ವೇಗದ ರೈಲು ನಿಲ್ದಾಣದ ಹೆಸರು ಸೆಗೋವಿಯಾ-ಗಿಯೊಮಾರ್. ಊರಿನಿಂದ ಐದಾರು ಕಿ.ಮೀ. ದೂರ, ಬಯಲಿನ ನಡುವೆ ಒಂಟಿಯಾಗಿ ನಿಂತಿದೆ. ರೈಲಿಗೆ ಹೊಂದಿಸಿ ಓಡುವ 11ನೇ ನಂಬರಿನ ಸಿಟಿ ಬಸ್ಸು ಕಾಲು ಗಂಟೆಗೂ ಸ್ವಲ್ಪ ಹೆಚ್ಚು ತೆಗೆದುಕೊಂಡು ಮೇಲ್ಗಾಲುವೆಯ (ಕಮಾನುಗಳ ಮೇಲೆ ನೀರು ಸಾಗಿಸಲು ರೋಮನ್ನರು ಕಟ್ಟಿದ್ದು) ಹತ್ತಿರ ಇಳಿಸುತ್ತದೆ. ಇಳಿದವರು ಫೋಟೊ ತೆಗೆಯುತ್ತ ನಿಂತರೆ ಬಸ್ಸು ತುಂಬಿ ಹೊರಟುಬಿಡುತ್ತದೆ. ಇದನ್ನೆಲ್ಲ ಕೂಡಿಸಿದರೆ, ಮ್ಯಾಡ್ರಿಡ್‌ನ ಮೊಂಕ್ಲೋವಾ ಬಸ್ ನಿಲ್ದಾಣದಿಂದ ಹೊರಡುವ ಸಾದಾ ಬಸ್ಸೇ (ಸುಮಾರು ಒಂದೂಕಾಲು ಗಂಟೆ) ರೈಲಿಗೆ ಸಮಸಮ ಬರುತ್ತದೆ, ದರವೂ ಕಡಿಮೆ. ಅದರ ನಿಲ್ದಾಣದಿಂದ ಮೇಲ್ಗಾಲುವೆಗೆ ಹತ್ತು ನಿಮಿಷದ ನಡಿಗೆ ಅಷ್ಟೆ. ಸೆಗೋವಿಯಾಕ್ಕೆ ನಮ್ಮ ಆಯ್ಕೆ ಬಸ್ಸು, ತೊಲೇದೊಗೆ ರೈಲು. ತೊಲೇದೊ ನಿಲ್ದಾಣವೇ ನೋಡುವಂಥದ್ದು. ಸುಮಾರು ನೂರು ವರ್ಷದ ಹಿಂದೆ ಹಳೆಯ ಮುದೇಹಾರ್ ಶೈಲಿಯನ್ನು (ಕ್ರೈಸ್ತರ ಆಳ್ವಿಕೆಯಲ್ಲೂ ಉಳಿದ ಇಸ್ಲಾಮೀ ಕಟ್ಟಡ ಕಲೆ) ನೆನಪಿಸುವಂತೆ ಇಟ್ಟಿಗೆ, ಹೆಂಚು, ಕೆತ್ತಿದ ಮರದಲ್ಲಿ ಕಟ್ಟಿದ ಟಿಕೆಟ್ ಹಾಲ್ ಅದು. ಐದು ನಿಮಿಷ ಕೊಡಿ. ಅಲ್ಲಿಂದ ಹಳೆಯ ಊರಿನ ಮುಖ್ಯ ಚೌಕವಾದ ಸೊಕೊದೊವೇರ್‌ಗೆ ಅಲ್ಕಾಂತರಾ ಸೇತುವೆ ದಾಟಿ ಇಪ್ಪತ್ತೈದು ನಿಮಿಷ, ಕೊನೆಯ ಭಾಗ ಪೂರ್ತಿ ಏರು. ಮಂಡಿನೋವಿರುವವರು ಸಿಟಿ ಬಸ್ಸು ಹಿಡಿಯಲಿ, ಇಲ್ಲವೇ ಊರಿನ ಗೋಡೆಗೆ ಒರಗಿಸಿದಂತೆ ಕಟ್ಟಿರುವ ಸಾರ್ವಜನಿಕ ಎಸ್ಕಲೇಟರ್ ಹುಡುಕಿಕೊಳ್ಳಲಿ.

ಏರಿಳಿತದಲ್ಲೂ ಎರಡೂರಿಗೂ ಹೋಲಿಕೆ ಇಲ್ಲ. ಸೆಗೋವಿಯಾ ಒಂದು ಉದ್ದನೆಯ ಬಂಡೆಯ ಮೇಲಿದೆ: ಈ ತುದಿಯಲ್ಲಿ ಮೇಲ್ಗಾಲುವೆ, ನಡುವೆ ಕೆಥೆಡ್ರಲ್, ಆ ತುದಿಯಲ್ಲಿ ಅಲ್ಕಾಸರ್. ಒಂದೇ ದಾರಿ, ಒಂದೂಕಾಲು ಕಿ.ಮೀ. ಆಸುಪಾಸು, ದಾರಿ ತಪ್ಪಲು ಪ್ರಯತ್ನ ಪಡಬೇಕು. ತೊಲೇದೊವನ್ನು ತಾಹೊ ನದಿ ಮೂರು ಕಡೆ ಸುತ್ತಿದೆ, ಒಳಗೆ ಗಲ್ಲಿಗಳು ಹಾವಿನಂತೆ ಸುತ್ತುತ್ತವೆ. ಎರಡೂ ಬದಿ ಎತ್ತರದ ಗೋಡೆ ಇರುವುದರಿಂದ ಫೋನಿನ ನೀಲಿ ಚುಕ್ಕೆ ಪಕ್ಕದ ಬೀದಿಗೆ ಹಾರಿ ಕೂರುತ್ತದೆ. ನಕ್ಷೆಯಲ್ಲಿ ನಾಲ್ಕು ನಿಮಿಷ ಅಂದದ್ದು ಹತ್ತಾಗುತ್ತದೆ. ಕೆಥೆಡ್ರಲ್ ಗೋಪುರ ಎಲ್ಲಿ ಕಾಣುತ್ತದೆ ಎಂದು ನೋಡಿಕೊಂಡು ನಡೆಯುವುದೇ ಮೇಲು. ತಳ ಸವೆದ ಚಪ್ಪಲಿ ಹಾಕಿಕೊಂಡು ಹೋದರೆ ನುಣುಪಾದ ಕಲ್ಲುಹಾಸು ಜಾರಿಸುತ್ತದೆ, ಮಳೆಯಲ್ಲಂತೂ ಹೇಳುವುದೇ ಬೇಡ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರಿಗೆ ನಮ್ಮ ಉತ್ತರ ಇಲ್ಲೇ ಮುಗಿಯಿತು: ಸೆಗೋವಿಯಾ.

ಇನ್ನು ಕಟ್ಟಡಗಳು. ತೊಲೇದೊ ಕೆಥೆಡ್ರಲ್‌ಗೆ ಎರಡು ಗಂಟೆ ಎತ್ತಿಡದೆ ಟಿಕೆಟ್ ಕೊಳ್ಳಬೇಡಿ. 1226ರಲ್ಲಿ ಶುರುವಾಗಿ 1493ರ ತನಕ ಕಟ್ಟಿದ್ದು. ಮುಖ್ಯ ಬಲಿಪೀಠದ ಹಿಂದುಗಡೆ ಸುತ್ತುದಾರಿಯಲ್ಲಿ ‘ಟ್ರಾನ್ಸ್‌ಪರೆಂತೆ’ ಇದೆ. ಒಳಗಿನ ಪವಿತ್ರ ಪೆಟ್ಟಿಗೆಗೆ ಬೆಳಕು ಬೀಳಲಿ ಎಂದು ಶಿಲ್ಪಿ ನಾರ್ಸೀಸೊ ತೊಮೆ 1732ರ ಹೊತ್ತಿಗೆ ಗಾಥಿಕ್ ಚಾವಣಿಯನ್ನೇ ಕೊರೆದು, ಆ ತೂತಿನ ಅಂಚಿಗೆ ದೇವದೂತರನ್ನೂ ಮೋಡಗಳನ್ನೂ ಕೂರಿಸಿದ. ಬಿಸಿಲಿದ್ದಾಗ ಮಾತ್ರ ಅದರ ಆಟ ತಿಳಿಯುತ್ತದೆ. ಮೋಡ ಕವಿದ ದಿನ ಅದೊಂದು ಗಿಜಿಗಿಜಿ ಶಿಲ್ಪದ ರಾಶಿ. ಅಲ್ಲೇ ತಲೆ ಎತ್ತಿದರೆ ಸತ್ತ ಕಾರ್ಡಿನಲ್‌ಗಳ ಕೆಂಪು ಟೊಪ್ಪಿಗಳು ಚಾವಣಿಯಿಂದ ನೇತಾಡುತ್ತಿರುತ್ತವೆ. ತೊಲೇದೊದಲ್ಲಿ ನೆಲೆಸಿದ್ದ ಚಿತ್ರಕಾರ ಎಲ್ ಗ್ರೆಕೊನ ‘ಎಲ್ ಎಸ್ಪೋಲಿಯೊ’ ಚಿತ್ರ ಪಾದ್ರಿಗಳ ಉಡುಪುಕೋಣೆಯಲ್ಲಿದೆ. ಭಾನುವಾರ ಬೆಳಿಗ್ಗೆ ಪೂಜೆಗೆ ಬಿಟ್ಟು ಮಧ್ಯಾಹ್ನದ ಮೇಲಷ್ಟೇ ಪ್ರವಾಸಿಗಳನ್ನು ಬಿಡುತ್ತಾರೆ, ಹಾಗಾಗಿ ತೊಲೇದೊಗೆ ಭಾನುವಾರ ಕೆಟ್ಟ ದಿನ. ಸೋಮವಾರವೂ ಅಷ್ಟಕ್ಕಷ್ಟೆ: ಎಲ್ ಟ್ರಾನ್ಸಿತೊ ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರ) ಮ್ಯೂಸಿಯಂ, ಎಲ್ ಗ್ರೆಕೊ ಮ್ಯೂಸಿಯಂ ಎರಡಕ್ಕೂ ಅವತ್ತು ಬೀಗ.

ಎಲ್ ಗ್ರೆಕೊನ ‘ಓರ್ಗಾಸ್ ಪ್ರಭುವಿನ ಶವಸಂಸ್ಕಾರ’ (1586–88) ನೋಡಲು ಸಾಂತೊ ತೊಮೆ ಚರ್ಚಿಗೆ ಬೇರೆಯೇ ಟಿಕೆಟ್. ಸುಮಾರು 4.8 ಮೀಟರ್ ಎತ್ತರದ ಒಂದೇ ಒಂದು ಚಿತ್ರ, ಒಂದು ಪುಟ್ಟ ಕೋಣೆ. ಯಾರ ಕತೆಯೋ ಆ ಪ್ರಭುವಿನ ಸಮಾಧಿಯೂ ಅದರ ಕೆಳಗೇ ಇದೆ. ಎಡ ಮೂಲೆಯ ಹುಡುಗ ಚಿತ್ರಕಾರನ ಮಗ. ಅವನ ಜೇಬಿನಿಂದ ಇಣುಕುವ ಕರವಸ್ತ್ರದ ಮೇಲೆ ಅವನು ಹುಟ್ಟಿದ ವರ್ಷ, 1578. ಹನ್ನೊಂದರಿಂದ ಒಂದರ ತನಕ ಗೈಡ್‌ಗಳ ಹಿಂಡು ನುಗ್ಗಿ ಆ ಕರವಸ್ತ್ರ ಇರಲಿ, ಹುಡುಗನೇ ಕಾಣುವುದಿಲ್ಲ. ಬಾಗಿಲು ತೆರೆದ ಕೂಡಲೇ ಹೋಗಿ, ಇಲ್ಲವೇ ಗುಂಪುಗಳು ಊಟಕ್ಕೆ ಕೂತ ಎರಡೂವರೆ ಹೊತ್ತಿಗೆ.

ಜನ ಬಿಟ್ಟುಬಿಡುವ, ನಾವು ಬಿಡಬೇಡಿ ಅನ್ನುವ ಕಟ್ಟಡ ಕ್ರಿಸ್ತೊ ದೆ ಲಾ ಲೂಸ್. ಕ್ರಿ.ಶ. 999ರಲ್ಲಿ ಕಟ್ಟಿದ ಮಸೀದಿ, ಆಮೇಲೆ ಚರ್ಚಾಯಿತು. ಕಟ್ಟಿದ ವರ್ಷದ ಬರಹವನ್ನು ಹೊರಗೋಡೆಯಲ್ಲಿ ಇಟ್ಟಿಗೆಯನ್ನೇ ಅಕ್ಷರವಾಗಿ ಜೋಡಿಸಿ ಬರೆದಿದ್ದಾರೆ. ಒಳಗೆ ನಾಲ್ಕೇ ಕಂಬ, ಒಂಬತ್ತು ಅಂಕಣ, ಒಂಬತ್ತಕ್ಕೂ ಬೇರೆ ಬೇರೆ ವಿನ್ಯಾಸದ ಪುಟಾಣಿ ಚಾವಣಿ. ಸೋಮನಾಥಪುರದಲ್ಲಿ ಕತ್ತು ನೋಯುವ ತನಕ ಚಾವಣಿಯ ಭುವನೇಶ್ವರಿಗಳನ್ನು ನೋಡಿದವರಿಗೆ ಇಲ್ಲಿ ಏನು ಹುಡುಕಬೇಕು ಎಂದು ಹೇಳಿಕೊಡಬೇಕಿಲ್ಲ. ಇಪ್ಪತ್ತು ನಿಮಿಷ ಸಾಕು. ಕುದುರೆ ಲಾಳದ ಕಮಾನುಗಳ ಬಿಳಿ ಸಾಲು ಬೇಕೆಂದರೆ ಸಾಂತಾ ಮರೀಯಾ ಲಾ ಬ್ಲಾಂಕಾ. ಹೆಸರು ಚರ್ಚಿನದು, ಹುಟ್ಟು ಸಿನಗಾಗಿನದು. ತೊಲೇದೊದ ಅಲ್ಕಾಸರ್ ಮಾತ್ರ ನಿರಾಸೆ: 1936ರ ಮುತ್ತಿಗೆಯಲ್ಲಿ ನೆಲಸಮವಾಗಿ ಮತ್ತೆ ಕಟ್ಟಿದ್ದು, ಒಳಗೆ ಸೇನಾ ಮ್ಯೂಸಿಯಂ. ಆಯುಧದ ಹುಚ್ಚಿಲ್ಲದಿದ್ದರೆ ಬಿಟ್ಟುಬಿಡಿ.

ಸೆಗೋವಿಯಾದ ದೊಡ್ಡ ಸಂಗತಿಗೆ ಟಿಕೆಟ್ಟೇ ಇಲ್ಲ. ರೋಮನ್ನರ ಮೇಲ್ಗಾಲುವೆ ಅಸೊಗೇಹೊ ಚೌಕದಲ್ಲಿ 28 ಮೀಟರ್ ಎತ್ತರ ಏರಿದೆ. ಗ್ರಾನೈಟ್ ದಿಮ್ಮಿಗಳ ನಡುವೆ ಗಾರೆಯೂ ಇಲ್ಲ, ಸುಣ್ಣವೂ ಇಲ್ಲ. ಭಾರವೇ ಒಂದನ್ನೊಂದು ಹಿಡಿದು ನಿಲ್ಲಿಸಿದೆ. ಹತ್ತಿರ ಹೋಗಿ ಕಲ್ಲಿನ ಮುಖ ನೋಡಿ. ಹೆಚ್ಚಿನ ದಿಮ್ಮಿಗಳಲ್ಲಿ ಒಂದು ಕುಳಿ ಇದೆ. ಅದು ಸವೆತವಲ್ಲ, ಎತ್ತುವಾಗ ಕಬ್ಬಿಣದ ಇಕ್ಕುಳ ಕಚ್ಚಲಿ ಎಂದು ಕೊರೆದದ್ದು. ಎಲ್ಲರೂ ಚೌಕದಲ್ಲಿ ಫೋಟೊ ತೆಗೆದು ಕೋಟೆ ಕಡೆ ಹೊರಟುಬಿಡುತ್ತಾರೆ. ನೀವು ಮೊದಲು ತದ್ವಿರುದ್ಧ ದಿಕ್ಕಿಗೆ, ನೀರು ಬರುತ್ತಿದ್ದ ಕಡೆಗೆ ಹತ್ತು ನಿಮಿಷ ನಡೆಯಿರಿ. ನೆಲ ಏರುತ್ತ ಹೋದಂತೆ ಕಮಾನು ಗಿಡ್ಡವಾಗುತ್ತದೆ, ಎರಡು ಅಂತಸ್ತು ಒಂದಾಗುತ್ತದೆ, ಕೊನೆಗೆ ಮನೆಗಳ ಕಾಂಪೌಂಡಿನಷ್ಟಾಗುತ್ತದೆ. ಈ ಕಾಲುವೆಯ ಉದ್ದೇಶ ಏನಿತ್ತು ಎಂಬುದು ಕೆಳಗೆ ನಿಂತಾಗ ಹೊಳೆಯುವುದಿಲ್ಲ, ಇಲ್ಲಿ ಹೊಳೆಯುತ್ತದೆ: ತಗ್ಗನ್ನು ದಾಟಲು ನೀರಿಗೆ ಸಮಮಟ್ಟದ ದಾರಿ ಬೇಕಿತ್ತು, ಎತ್ತರ ಅದರಿಂದ ಬಂದದ್ದು.

ಕೋಟೆಗೆ ಹೋಗುವ ಬೀದಿಯ ಮನೆಗೋಡೆಗಳನ್ನೂ ನೋಡುತ್ತಿರಿ. ಎಸ್ಗ್ರಫಿಯಾದೊ ಎಂಬ ಗಾರೆ ಕೆಲಸ ಅದು. ಒಂದರ ಮೇಲೊಂದು ಎರಡು ಪದರ ಗಾರೆ ಬಳಿದು, ಮೇಲಿನದು ಹಸಿಯಿರುವಾಗಲೇ ಅಚ್ಚಿಟ್ಟು ಕೆರೆದರೆ ಕೆಳಗಿನ ಬಣ್ಣ ಚಿತ್ತಾರವಾಗಿ ಕಾಣುತ್ತದೆ. ಕೆಥೆಡ್ರಲ್ 1525ರದ್ದು, ಗಾಥಿಕ್ ಕಾಲ ಮುಗಿಯುತ್ತ ಬಂದಾಗ ಶುರುವಾದದ್ದು; ಹೊರಗಿನಿಂದ ಚೆಂದ, ಒಳಗೆ ತೊಲೇದೊದ ಸಮಕ್ಕೆ ಬಾರದು. ಅಲ್ಕಾಸರ್ 1862ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದದ್ದು, ಚಾವಣಿಗಳ ಚಿನ್ನದ ಕೆಲಸ ಬಹುಪಾಲು ಮರುಸೃಷ್ಟಿ. ಅದು ಗೊತ್ತಿದ್ದು ಹೋದರೆ ಬೇಜಾರಿಲ್ಲ. ಹ್ವಾನ್ ದೊರೆಯ ಗೋಪುರಕ್ಕೆ ನೂರೈವತ್ತರಷ್ಟು ಕಿರಿದಾದ ಮೆಟ್ಟಿಲು. ಹತ್ತುವ ಜನಕ್ಕೆ ಮಿತಿ ಇರುವುದರಿಂದ ಆ ಟಿಕೆಟ್ ಮುಂಚೆಯೇ ಕೊಳ್ಳಬೇಕು.

ಊಟದಲ್ಲಿ ಎರಡೂರಿನ ಹಾದಿಯೇ ಬೇರೆ. ಸೆಗೋವಿಯಾ ಅಂದರೆ ಕೊಚಿನಿಯೊ: ಇನ್ನೂ ತಾಯಿಹಾಲು ಬಿಡದ, ಮೂರು ವಾರದೊಳಗಿನ ಹಂದಿಮರಿ. ಮಣ್ಣಿನ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಕಟ್ಟಿಗೆ ಗೂಡಿನಲ್ಲಿ ಬೇಯಿಸುತ್ತಾರೆ, ಕೊನೆಯಲ್ಲಿ ಚರ್ಮ ಮೇಲೆ ಮಾಡಿ ಗರಿಗರಿ ಆಗಿಸುತ್ತಾರೆ. ಚಾಕು ಬೇಡ, ಊಟದ ತಟ್ಟೆಯ ಅಂಚಿನಲ್ಲೇ ಕತ್ತರಿಸುವುದು ರೂಢಿ. ಅಷ್ಟು ಮೆತ್ತಗಿದೆ ಎಂದು ತೋರಿಸಲಿಕ್ಕೆ. ಮಧ್ಯಾಹ್ನ ಒಂದೂವರೆ, ಎರಡಕ್ಕೆ ಕೂತರೆ ಗೂಡಿನಿಂದ ಆಗಷ್ಟೇ ತೆಗೆದದ್ದು ಸಿಗುತ್ತದೆ. ಹೊತ್ತು ಮೀರಿ ಹೋದರೆ ಬಿಸಿ ಮಾಡಿ ಕೊಟ್ಟದ್ದು, ಚರ್ಮ ಗರಿಯ ಬದಲು ತೊಗಲಿನಂತೆ ಎಳೆಯುತ್ತದೆ. ಒಂದು ಪಾಲಿಗೆ ಇಪ್ಪತ್ತೈದು ಯೂರೋ ಆಸುಪಾಸು ಇಟ್ಟುಕೊಳ್ಳಿ. ಜೊತೆಗೆ ಸೂಪು, ಕಾಳು ಎಲ್ಲ ಹೇಳಿದರೆ ಮುಗಿಸಲಾರಿರಿ.

ಹಂದಿ ಬೇಡದವರಿಗೆ ಸೆಗೋವಿಯಾ ಕಷ್ಟ. ಹುದಿಯೋನೆಸ್ ಎಂಬ ದಪ್ಪ ಬಿಳಿ ಅವರೆಯಂಥ ಕಾಳಿನ ಹೆಸರು ಕೇಳಿ ಆಸೆಪಡಬೇಡಿ. ಅದು ಬೇಯುವುದೇ ಹಂದಿ ಕಿವಿ, ಚೊರೀಸೊ (ಹಂದಿ ಮಾಂಸದ ಸಾಸೇಜ್) ಜೊತೆ. ಬೆಳ್ಳುಳ್ಳಿ ಸೂಪಿನಲ್ಲೂ ಹ್ಯಾಮ್ ತುಂಡು. ‘ಸಿನ್ ಕಾರ್ನೆ’ (ಮಾಂಸ ಬೇಡ) ಅಂದರೆ ಸಾಲದು, ಹ್ಯಾಮನ್ನೂ ಟ್ಯೂನಾ ಮೀನನ್ನೂ ಅವರು ಅದರಲ್ಲಿ ಸೇರಿಸುವುದಿಲ್ಲ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್’ ಎಂದು ಮೂರನ್ನೂ ಹೇಳಿ.

ತೊಲೇದೊದಲ್ಲಿ ಮಾಂಸ ತಿನ್ನುವವರಿಗೆ ಕಾರ್ಕಮುಸಾಸ್ (ಟೊಮೇಟೊ, ಬಟಾಣಿ ಹಾಕಿದ ಹಂದಿ ಪಲ್ಯ, ಚಿಕ್ಕ ಮಣ್ಣಿನ ಬಟ್ಟಲಲ್ಲಿ), ವಿನಿಗರ್ ಹಾಕಿ ಬೇಯಿಸಿದ ಗೌಜಲ ಹಕ್ಕಿ. ಸಸ್ಯಾಹಾರಿಗಳಿಗೆ ಪಿಸ್ತೊ ಮಂಚೇಗೊ ಇದೆ: ಟೊಮೇಟೊ, ದೊಣ್ಣೆಮೆಣಸಿನಕಾಯಿ, ಕುಂಬಳದ ಜಾತಿಯ ಕಾಲಬಸೀನ್, ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನ ಬಾಡಿಸಿದ್ದು, ಖಾರವಿಲ್ಲದ ಗೊಜ್ಜು ಅನ್ನಬಹುದು. ಮೇಲೆ ಮೊಟ್ಟೆ ಹಾಕಿ ಕೊಡುವುದು ವಾಡಿಕೆ. ಬೇಡವಾದರೆ ‘ಸಿನ್ ವೇವೊ’. ಮಂಚೇಗೊ ಚೀಸ್ ಸುಲಭವಾಗಿ ಸಿಗುತ್ತದೆ, ಆದರೆ ಹಾಲು ಒಡೆಯಲು ಹೆಚ್ಚಾಗಿ ಪ್ರಾಣಿಮೂಲದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರಿಗೆ ತಿಳಿದಿರಲಿ.

ಸಿಹಿಯಲ್ಲಿ ತೊಲೇದೊದ ಮಸಪಾನ್ ನಮ್ಮ ಬಾದಾಮಿ ಬರ್ಫಿಯ ದಾಯಾದಿ. ಬರ್ಫಿಯಂತೆ ಪಾಕ ಹಿಡಿಯುವುದಿಲ್ಲ. ಸಿಪ್ಪೆ ತೆಗೆದ ಬಾದಾಮಿ, ಸಕ್ಕರೆ ಒಟ್ಟಿಗೆ ಅರೆದು ನಾದಿ, ಆಕಾರ ಕೊಟ್ಟು, ಮೇಲೆ ಬಣ್ಣ ಬರುವಷ್ಟು ಮಾತ್ರ ಓವನ್ನಿನಲ್ಲಿಡುತ್ತಾರೆ. ತೊಲೇದೊದ ಹೆಸರಿನ ಅಧಿಕೃತ ಮುದ್ರೆ ಬೇಕಿದ್ದರೆ ಅರ್ಧದಷ್ಟಾದರೂ ಬಾದಾಮಿ ಇರಬೇಕು, ಆ ಮುದ್ರೆ ನೋಡಿ ಕೊಳ್ಳಿ. ಹೊಳಪಿಗೆ ಮೊಟ್ಟೆ ಸವರಿರುತ್ತಾರೆ. ಸೆಗೋವಿಯಾದ ಪೊಂಚೆ (ಕೇಕು, ಕ್ರೀಮು, ಮೇಲೆ ಬಾದಾಮಿ ಹೊದಿಕೆ, ಕಾದ ಸಲಾಕೆಯಲ್ಲಿ ಸುಟ್ಟ ಸಕ್ಕರೆ ಗೆರೆ) ಅಲ್ಲೇ ತಿನ್ನಲು ರುಚಿ, ಊರಿಗೆ ತರಲಾಗದು. ಮಸಪಾನ್ ಬೆಂಗಳೂರಿನ ತನಕ ಬರುತ್ತದೆ.

ದಿನ ಹೊಂದಿಸುವಾಗ ನೆನಪಿಡಬೇಕಾದದ್ದು ಅಡುಗೆಮನೆಯ ಹೊತ್ತು. ಎರಡೂರಲ್ಲೂ ನಾಲ್ಕರ ಮೇಲೆ ಬಿಸಿ ಊಟ ಸಿಗುವುದು ಅಪರೂಪ, ರಾತ್ರಿ ಎಂಟೂವರೆ ತನಕ ಬರೀ ತಿಂಡಿ. ಸೆಗೋವಿಯಾದಲ್ಲಿ ಹತ್ತಕ್ಕೆ ಮೇಲ್ಗಾಲುವೆ, ಹನ್ನೊಂದಕ್ಕೆ ಕೆಥೆಡ್ರಲ್, ಹನ್ನೆರಡಕ್ಕೆ ಅಲ್ಕಾಸರ್, ಎರಡಕ್ಕೆ ಊಟ. ನಾಲ್ಕಕ್ಕೆ ಕೆಳಗಿನ ಸಾನ್ ಮಾರ್ಕೋಸ್ ಹುಲ್ಲುಗಾವಲಿಗೆ ಇಳಿದರೆ ಕೋಟೆ ಹಡಗಿನ ಮೂತಿಯಂತೆ ತಲೆಯ ಮೇಲೆ ನಿಲ್ಲುತ್ತದೆ. ಆರಕ್ಕೆ ಬಸ್ಸು ಹಿಡಿಯಬಹುದು. ತೊಲೇದೊದಲ್ಲಿ ಹತ್ತಕ್ಕೆ ಕೆಥೆಡ್ರಲ್ ಬಾಗಿಲಲ್ಲಿರಿ, ಒಂದೂವರೆಗೆ ಊಟ, ಎರಡೂವರೆಗೆ ಸಾಂತೊ ತೊಮೆ, ಆಮೇಲೆ ಸಿನಗಾಗ್‌ಗಳು; ಬಿಸಿಲು ಇಳಿಯುವಾಗ ಟ್ಯಾಕ್ಸಿಯಲ್ಲಿ ನದಿಯಾಚೆಯ ವ್ಯಾಯೆ ದಿಬ್ಬಕ್ಕೆ. ಹಾಗಾಗಿ ಬರುವ ಟಿಕೆಟ್ ರಾತ್ರಿಯದ್ದೇ ಇರಲಿ. ಐದರ ರೈಲು ಮಾಡಿಸಿಕೊಂಡವರಿಗೆ ಈ ನೋಟ ತಪ್ಪುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಮಾತ್ರ ಇದನ್ನೆಲ್ಲ ಬದಿಗಿಟ್ಟು ಸೆಗೋವಿಯಾಕ್ಕೇ ಹೋಗಿ. ಅದು ಸಾವಿರ ಮೀಟರ್ ಎತ್ತರದಲ್ಲಿದೆ. ತೊಲೇದೊದ ಕಲ್ಲುಗಲ್ಲಿ ಆಗ ಕಾದ ಕಾವಲಿ.